ತರಕಾರಿ ಬುಟ್ಟಿಯಲ್ಲಿ ಒಳ್ಳೆಯ ಆಯುಧ ಯಾವುದು? ವಾದ ಮಾಡೋಣ ಬನ್ನಿ

ಗಾಂಧಿಬಜಾರ್ ಚೀಲ:
ನಮ್ಮ ಬಿಲ್ಡಿಂಗ್‌ನಲ್ಲಿ ಈ ವಾದ ಇನ್ನೂ ಮುಗಿದಿಲ್ಲ. ಅದಕ್ಕೇ ಇಲ್ಲಿಗೆ ತಂದಿದ್ದೇನೆ.

ಮನೆಗೆ ಕಳ್ಳ ನುಗ್ಗಿದ್ದಾನೆ ಅಂದುಕೊಳ್ಳಿ. ನೀವು ಅಡುಗೆಮನೆಯಲ್ಲಿ ಒಬ್ಬರೇ. ಚಾಕು, ಈಳಿಗೆಮಣೆ, ಲಟ್ಟಣಿಗೆ ಯಾವುದನ್ನೂ ಮುಟ್ಟುವಂತಿಲ್ಲ. ಕೈಗೆ ಸಿಗುವುದು ತರಕಾರಿ ಬುಟ್ಟಿ ಮತ್ತು ಹಣ್ಣಿನ ತಟ್ಟೆ ಮಾತ್ರ. ಏನನ್ನು ಎತ್ತಿಕೊಳ್ಳುತ್ತೀರಿ?

ಶರತ್ತು ಎರಡೇ. ಅದು ಬೆಂಗಳೂರಿನ ತಳ್ಳುಗಾಡಿಯಲ್ಲೋ ಹಾಪ್‌ಕಾಮ್ಸ್‌ನಲ್ಲೋ ಮಾರ್ಕೆಟ್‌ನಲ್ಲೋ ಸಿಗಬೇಕು. ಇನ್ನೊಂದು, ಗಲಾಟೆ ಮುಗಿದ ಮೇಲೆ ಅದನ್ನು ತೊಳೆದು ಅಡುಗೆಗೆ ಹಾಕುವಂತಿರಬೇಕು. ಈ ಎರಡನೆಯದನ್ನು ನಾನು ಸುಮ್ನೆ ಸೇರಿಸಿಲ್ಲ. ತಿನ್ನುವ ಪದಾರ್ಥ ಹಾಳಾದರೆ ಗೆದ್ದರೂ ನಷ್ಟವೇ ಅಲ್ವಾ?

ನನ್ನ ಮತ ತೆಂಗಿನಕಾಯಿಗೆ. ಎಸೆದಾಗ ಒಡೆದರೆ ಅವತ್ತೇ ಚಟ್ನಿ. ಒಡೆಯದಿದ್ದರೆ ಮಾರನೇ ದಿನ ಚಟ್ನಿ.

ತಿಪಟೂರು ಕಾಯಿ:
ಇದಕ್ಕೆ ವಾದವೇ ಬೇಕಿಲ್ಲ ಮೇಡಂ. ತೆಂಗಿನಕಾಯಿಯೇ.

ಜಗತ್ತಿನ ದೊಡ್ಡ ದೊಡ್ಡ ಭದ್ರತಾ ಪಡೆಗಳೂ ಇದಕ್ಕೆ ಹೆದರಿವೆ. 2010ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಮುಂಬೈಗೆ ಬಂದಿದ್ದರು. ಗಾಂಧೀಜಿ ಉಳಿದುಕೊಳ್ಳುತ್ತಿದ್ದ ಮಣಿ ಭವನಕ್ಕೆ ಹೋಗುವ ಕಾರ್ಯಕ್ರಮವಿತ್ತು. ಅವರು ಬರುವ ಮೊದಲೇ ಸುತ್ತಮುತ್ತಲ ಮರಗಳಿಂದ ಕಾಯಿಗಳನ್ನೆಲ್ಲ ಇಳಿಸಿಬಿಟ್ಟರು. ತಲೆ ಮೇಲೆ ಬಿದ್ದೀತು ಎಂಬ ಭಯ. ಬದನೆಕಾಯಿಗೆ ಯಾವತ್ತಾದರೂ ಈ ಮರ್ಯಾದೆ ಸಿಕ್ಕಿದೆಯಾ?

ವಿಮಾನದಲ್ಲೂ ಕೈಚೀಲದಲ್ಲಿ ತೆಂಗಿನಕಾಯಿ ಬಿಡುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಶಬರಿಮಲೆ ಯಾತ್ರಿಗಳಿಗೆ ಇರುಮುಡಿಯ ಕಾಯಿ ಒಯ್ಯಲು ಅಂತ 2025ರ ಜನವರಿ 20ರವರೆಗೆ ವಿಶೇಷ ಅನುಮತಿ ಕೊಡಬೇಕಾಯಿತು.

ಹಿಡಿಯಲು ಜುಟ್ಟು ಬೇರೆ ಇದೆ. ಹಿಡಿಕೆ ಸಮೇತ ಹುಟ್ಟಿದ ಆಯುಧ ಇನ್ಯಾವುದಿದೆ ಹೇಳಿ.

ವಿಜಯನಗರದ ವಕೀಲ:
ವಿಮಾನದ ವಿಷಯದಲ್ಲಿ ಒಂದು ತಿದ್ದುಪಡಿ ಸರ್. ಅಲ್ಲಿ ಕಾಯಿಯನ್ನು ತಡೆಯುವುದು ಹೊಡೆದಾಟಕ್ಕೆ ಹೆದರಿ ಅಲ್ಲ, ಬೆಂಕಿಗೆ ಹೆದರಿ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ರಾಶಿ ಹಾಕಿದ ಕೊಬ್ಬರಿ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಸಾಗಾಣಿಕೆ ನಿಯಮಗಳಲ್ಲಿ ಅದು ಅಪಾಯದ ಸರಕುಗಳ ಪಟ್ಟಿಯಲ್ಲಿದೆ.

ತಿಪಟೂರು ಕಾಯಿ:
ಹಾಗಾದರೆ ಇನ್ನೂ ಒಳ್ಳೆಯದಾಯಿತು ಸರ್. ಹೊಡೆಯಲೂ ಬರುತ್ತದೆ, ಉರಿಸಲೂ ಬರುತ್ತದೆ.

ಬನಶಂಕರಿ ಮೇಷ್ಟ್ರು:
ಭೌತಶಾಸ್ತ್ರ ಪಾಠ ಮಾಡುವವನು ನಾನು. ಲೆಕ್ಕ ಹಾಕದೆ ಇಂಥ ತೀರ್ಮಾನಕ್ಕೆ ಬರಬಾರದು.

ಸುಲಿದ ಕಾಯಿ ಸುಮಾರು ಅರ್ಧ ಕೆ.ಜಿ. ಮನೆಯೊಳಗೆ ನಾವು ಎಸೆದರೆ ಗಂಟೆಗೆ 54 ಕಿ.ಮೀ. ವೇಗ ಬಂದರೆ ಹೆಚ್ಚು. ಆಗ ಅದರ ಶಕ್ತಿ 56 ಜೌಲ್. ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಒಳ್ಳೆಯ ವೇಗದ ಬೌಲರ್ 140 ಕಿ.ಮೀ. ವೇಗದಲ್ಲಿ ಎಸೆದರೆ ಅದಕ್ಕೆ 120 ಜೌಲ್ ಇರುತ್ತದೆ. ಅಂದರೆ ನಿಮ್ಮ ತೆಂಗಿನಕಾಯಿ ಚಿನ್ನಸ್ವಾಮಿ ಸ್ಟೇಡಿಯಂನ ಚೆಂಡಿನ ಅರ್ಧಕ್ಕೂ ಬರುವುದಿಲ್ಲ. ಆ ಚೆಂಡನ್ನು ಎದುರಿಸಲು ಬ್ಯಾಟ್ಸ್‌ಮನ್ ಹೆಲ್ಮೆಟ್ಟು, ಪ್ಯಾಡು ಎಲ್ಲ ಹಾಕಿಕೊಂಡು ನಿಂತಿರುತ್ತಾನೆ. ಕಳ್ಳ ಹಾಗೆ ಬರುವುದಿಲ್ಲ, ಒಪ್ಪುತ್ತೇನೆ. ಆದರೂ ಕಾಯಿಯ ನಿಜವಾದ ಬಲ ಎಸೆತದಲ್ಲಿಲ್ಲ, ಬೀಳುವುದರಲ್ಲಿದೆ. ಸಿಪ್ಪೆ ಸಮೇತ ಒಂದೂವರೆ ಕೆ.ಜಿ. ಕಾಯಿ 20 ಮೀಟರ್ ಎತ್ತರದ ಮರದಿಂದ ಬಿದ್ದರೆ ಗಂಟೆಗೆ 70 ಕಿ.ಮೀ. ವೇಗ, 290 ಜೌಲ್ ಶಕ್ತಿ. ಮುಂಬೈನಲ್ಲಿ ಹೆದರಿದ್ದರಲ್ಲಿ ತಪ್ಪೇನಿಲ್ಲ.

ಆದರೆ ಅಡುಗೆಮನೆಯಲ್ಲಿ ಮರ ಇರುವುದಿಲ್ಲವಲ್ಲ.

ಕಲಾಸಿಪಾಳ್ಯ ಮಂಡಿ:
ಬೀಳುವುದೇ ಲೆಕ್ಕ ಅಂದರೆ ಹಲಸಿನಹಣ್ಣು ಬಿಟ್ಟು ಬೇರೆ ಮಾತೇ ಇಲ್ಲ ಮೇಷ್ಟ್ರೇ. ಮರದಲ್ಲಿ ಬಿಡುವ ಹಣ್ಣುಗಳಲ್ಲಿ ಇದಕ್ಕಿಂತ ದೊಡ್ಡದು ಜಗತ್ತಿನಲ್ಲೇ ಇಲ್ಲ. ಈಗ ಸೀಸನ್ನು. ತೂಬುಗೆರೆ ಕಡೆಯಿಂದ ಬರುತ್ತಿದೆ. ಹತ್ತು ಹದಿನೈದು ಕೆ.ಜಿ.ಯದ್ದು ಮಾಮೂಲು. ಅದಕ್ಕೂ ಎಷ್ಟೋ ದೊಡ್ಡವೂ ಬರುತ್ತವೆ. ಅವನ್ನು ಇಳಿಸಲು ಇಬ್ಬರು ಬೇಕು.

ಮೈಮೇಲೆಲ್ಲ ಮುಳ್ಳು. ಒಳಗೆ ಮೇಣ. ಆ ಮೇಣ ಕೈಗೆ ಹತ್ತಿದರೆ ಸೋಪು ಹಾಕಿದರೂ ಹೋಗುವುದಿಲ್ಲ. ಎಣ್ಣೆ ಹಚ್ಚಿ ಉಜ್ಜಬೇಕು. ಕಳ್ಳನ ಎರಡೂ ಅಂಗೈಗೆ ಹಲಸಿನ ಮೇಣ ಬಳಿದುಬಿಡಿ. ಬೀರು ಮುಟ್ಟಿದರೆ ಬೀರಿಗೆ ಅಂಟುತ್ತಾನೆ, ಬಾಗಿಲು ಮುಟ್ಟಿದರೆ ಬಾಗಿಲಿಗೆ. ಪೊಲೀಸರಿಗೆ ಬೆರಳಚ್ಚೂ ಸಿಗುತ್ತದೆ.

ಆಮೇಲೆ ಅಡುಗೆ ಕೇಳಬೇಡಿ. ತೊಳೆ ಇದೆ, ಬೀಜದ ಸಾರಿದೆ, ಹಪ್ಪಳ ಇದೆ, ಕಡುಬಿದೆ. ಎಳೆಯದಾದರೆ ಪಲ್ಯ, ಬಿರಿಯಾನಿ. ಶರತ್ತಿಗೆ ಪೂರ್ತಿ ಹೊಂದುತ್ತದೆ.

ಬನಶಂಕರಿ ಮೇಷ್ಟ್ರು:
ಲೆಕ್ಕ ಹಾಕಿದೆ. 15 ಕೆ.ಜಿ. ಹಲಸು ಮೊದಲ ಮಹಡಿಯ ಬಾಲ್ಕನಿಯಿಂದ, ಅಂದರೆ 4 ಮೀಟರ್‌ನಿಂದ ಬಿದ್ದರೆ 588 ಜೌಲ್. ವೇಗದ ಬೌಲರ್‌ನ ಐದು ಎಸೆತಗಳು ಒಟ್ಟಿಗೇ ಬಡಿದಷ್ಟು. ಮಂಡಿಯವರು ಹೇಳಿದ್ದರಲ್ಲಿ ತೂಕವಿದೆ.

ವಿಜಯನಗರದ ವಕೀಲ:
ದಯವಿಟ್ಟು ಯಾರೂ ಬಾಲ್ಕನಿಯಿಂದ ಹಲಸು ಬಿಡಬೇಡಿ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅಪಾಯಕಾರಿ ಆಯುಧದಿಂದ ಗಾಯ ಮಾಡುವುದರ ಬಗ್ಗೆ 118ನೇ ಸೆಕ್ಷನ್ ಇದೆ. ಅದರಲ್ಲಿ ಬಂದೂಕು, ಚೂರಿ ಇರುವುದು ನಿಜ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಆಯುಧವಾಗಿ ಬಳಸಿದಾಗ ಸಾವು ತರಬಹುದಾದ ಯಾವುದೇ ಸಾಧನ ಅಂತ ಬರೆದಿದ್ದಾರೆ. ಮೇಷ್ಟ್ರ 588 ಜೌಲ್ ಲೆಕ್ಕ ಇಲ್ಲಿಯೇ ಇದೆಯಲ್ಲ, ಎದುರು ಪಕ್ಷದ ವಕೀಲರು ಅದನ್ನೇ ಸಾಕ್ಷಿಯಾಗಿ ಹಾಜರುಪಡಿಸುತ್ತಾರೆ.

ಆತ್ಮರಕ್ಷಣೆಯ ಹಕ್ಕು 34ರಿಂದ 44ನೇ ಸೆಕ್ಷನ್‌ವರೆಗೆ ಇದೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎನ್ನುವುದು ಅದರ ಮಿತಿ. ಮೈಮೇಲೆ ಬಂದವನಿಗೆ ಆಲೂಗಡ್ಡೆ ಎಸೆದರೆ ರಕ್ಷಣೆ. ಗೇಟು ಹಾರಿ ಓಡುತ್ತಿರುವವನ ತಲೆ ಮೇಲೆ ಹಲಸು ಬಿಟ್ಟರೆ ಅದು ರಕ್ಷಣೆ ಅಲ್ಲ. ಹೀಗಾಗಿ ನನ್ನ ಮತ ಹಗುರ ತರಕಾರಿಗಳಿಗೆ. ಬೀನ್ಸ್, ಬೆಂಡೆಕಾಯಿ.

ಗಾಂಧಿಬಜಾರ್ ಚೀಲ:
ವಕೀಲರೇ, ಬೆಂಡೆಕಾಯಿಯಿಂದ ಯಾರನ್ನು ಓಡಿಸುತ್ತೀರಿ?

ವಿಜಯನಗರದ ವಕೀಲ:
ಓಡಿಸುವುದಿಲ್ಲ ಮೇಡಂ. ಹೆಚ್ಚಿ ನೆಲಕ್ಕೆ ಹರಡಿದರೆ ಲೋಳೆಗೆ ಜಾರುತ್ತಾನೆ.

ಪೀಣ್ಯ ಪಡವಲಕಾಯಿ:
ಎಲ್ಲರೂ ಒಂದು ವಿಷಯ ಮರೆತಿದ್ದೀರಿ. ಪಡವಲಕಾಯಿ ನೆಟ್ಟಗೆ ಬೆಳೆಯಲಿ ಅಂತ ಅದರ ತುದಿಗೆ ಕಲ್ಲು ಕಟ್ಟುತ್ತಾರೆ. ನಮ್ಮ ಅಜ್ಜಿ ಹಿತ್ತಲಲ್ಲಿ ಹಾಗೇ ಮಾಡುತ್ತಿದ್ದರು. ಕಲ್ಲು ಬಿಚ್ಚದೆ ಕಿತ್ತುಕೊಂಡರೆ ಆಯುಧ ತಯಾರಾಗಿಯೇ ಇರುತ್ತದೆ. ಕತ್ತಲಲ್ಲಿ ಹಾವು ಅಂತಲೂ ಹೆದರಿಸಬಹುದು.

ಬನಶಂಕರಿ ಮೇಷ್ಟ್ರು:
ಬೀಸಿದ ತಕ್ಷಣ ಕಾಯಿ ನಡುವೆ ತುಂಡಾಗಿ ಕಲ್ಲು ನಿಮ್ಮ ಟಿವಿಗೇ ಬೀಳುತ್ತದೆ. ಹಾವಿನ ಉಪಾಯ ಮಾತ್ರ ಚೆನ್ನಾಗಿದೆ.

ಹನುಮಂತನಗರ ಪುರಾಣಪ್ರಿಯೆ:
ಇದು ಹೊಸ ವಿಚಾರವೇನಲ್ಲ. ನಮ್ಮ ಪುರಾಣಗಳಲ್ಲಿ ಎಷ್ಟು ಬೇಕೋ ಅಷ್ಟಿದೆ.

ಭಾಗವತದಲ್ಲಿ ಕರುವಿನ ರೂಪದಲ್ಲಿ ಬಂದ ವತ್ಸಾಸುರನನ್ನು ಕೃಷ್ಣ ಬಾಲ ಹಿಡಿದು ತಿರುಗಿಸಿ ಬೇಲದ ಮರಕ್ಕೆ ಎಸೆಯುತ್ತಾನೆ. ಬೇಲದ ಹಣ್ಣುಗಳೆಲ್ಲ ಉದುರುತ್ತವೆ. ಕತ್ತೆಯ ರೂಪದ ಧೇನುಕಾಸುರನನ್ನು ಬಲರಾಮ ತಾಳೆಮರದ ಮೇಲೆ ಎಸೆಯುತ್ತಾನೆ. ಗಮನಿಸಿ, ಎರಡು ಕಡೆಯೂ ಹಣ್ಣನ್ನು ಶತ್ರುವಿನ ಮೇಲೆ ಎಸೆದಿಲ್ಲ. ಶತ್ರುವನ್ನೇ ಹಣ್ಣಿನ ಮೇಲೆ ಎಸೆದಿದ್ದಾರೆ. ಮಹಾಭಾರತದ ಆದಿಪರ್ವದಲ್ಲಿ ಕೌರವರು ಹಣ್ಣು ಕೀಳಲು ಮರ ಹತ್ತಿದಾಗ ಭೀಮ ಮರಕ್ಕೆ ಒದೆಯುತ್ತಾನೆ. ಹಣ್ಣೂ ಬೀಳುತ್ತವೆ, ಕೌರವರೂ ಬೀಳುತ್ತಾರೆ. ಮೇಷ್ಟ್ರು ಹೇಳಿದ ಬೀಳುವ ಶಕ್ತಿಯನ್ನು ಭೀಮ ಆಗಲೇ ತಿಳಿದಿದ್ದ.

ಇನ್ನು ಮನ್ಮಥ. ಅವನ ಬಿಲ್ಲು ಕಬ್ಬಿನ ಜಲ್ಲೆ. ಐದು ಬಾಣಗಳಲ್ಲಿ ಒಂದು ಮಾವಿನ ಹೂವು. ಆ ಆಯುಧದಿಂದ ತಪ್ಪಿಸಿಕೊಂಡವರು ಎಷ್ಟು ಮಂದಿ ಇದ್ದಾರೆ ಹೇಳಿ. ಸಂಕ್ರಾಂತಿ ಸಮಯದಲ್ಲಿ ಇಡೀ ಗಾಂಧಿಬಜಾರೇ ಆಯುಧಾಗಾರ. ನನ್ನ ಮತ ಕಬ್ಬಿಗೆ. ಉದ್ದ ಇದೆ, ಗಟ್ಟಿ ಇದೆ, ಕಳ್ಳ ದೂರವೇ ನಿಲ್ಲುತ್ತಾನೆ. ಆಮೇಲೆ ಸಿಗಿದು ತಿನ್ನಬಹುದು.

ಬ್ಯಾಡಗಿ ಅಕ್ಕ:
ಎಲ್ಲರೂ ತೂಕದ ಹಿಂದೆ ಬಿದ್ದಿದ್ದೀರಿ. ತರಕಾರಿಯ ಶಕ್ತಿ ತೂಕದಲ್ಲಿಲ್ಲ. ಅದರೊಳಗೆ ಏನಿದೆ ಎನ್ನುವುದರಲ್ಲಿದೆ.

ಒಂದು ಬಾಣಲೆ, ಎರಡು ಚಮಚ ಎಣ್ಣೆ, ಒಂದು ಹಿಡಿ ಒಣಮೆಣಸಿನಕಾಯಿ. ಒಲೆ ಹಚ್ಚಿ. ಘಾಟು ಎದ್ದ ಮೇಲೆ ಕಳ್ಳ ಮಾತ್ರವಲ್ಲ, ಪಕ್ಕದ ಮನೆಯವರೂ ಕೆಮ್ಮುತ್ತಾ ಹೊರಗೆ ಬರುತ್ತಾರೆ. ಕಳ್ಳ ಬಂದಿದ್ದಾನೆ ಅಂತ ಕೂಗುವ ಕೆಲಸವೂ ಉಳಿಯಿತು. ನಮ್ಮ ಮನೆಗಳಲ್ಲಿ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕುವುದಿಲ್ಲವೇ? ಘಾಟು ಬರಲಿಲ್ಲ ಅಂದರೆ ದೃಷ್ಟಿ ಬಿದ್ದಿತ್ತು ಅಂತ ಲೆಕ್ಕ. ಅಷ್ಟು ನಂಬಿಕೆ ಆ ಘಾಟಿನ ಮೇಲೆ.

ಇದು ಬರೀ ಅಡುಗೆಮನೆ ಮಾತಲ್ಲ. ಈಶಾನ್ಯ ಭಾರತದ ಭೂತ್ ಜೊಲೊಕಿಯಾ ಮೆಣಸಿನಕಾಯಿ 2007ರಲ್ಲಿ ಜಗತ್ತಿನಲ್ಲೇ ಅತಿ ಖಾರ ಅಂತ ಗಿನ್ನೆಸ್ ದಾಖಲೆಗೆ ಸೇರಿತು. ಖಾರ ಅಳೆಯುವ ಸ್ಕೋವಿಲ್ ಮಾಪನದಲ್ಲಿ 10 ಲಕ್ಷ ದಾಟಿತ್ತು. ಅದರಿಂದ ನಮ್ಮ ಡಿಆರ್‌ಡಿಓದವರು ಗುಂಪು ಚದುರಿಸುವ ಗ್ರೆನೇಡ್ ಮಾಡಿದರು. ದೇಶದ ರಕ್ಷಣಾ ಸಂಸ್ಥೆಯೇ ಆಯುಧ ಅಂತ ಒಪ್ಪಿಕೊಂಡ ತರಕಾರಿ ಇದು. ಹಲಸಿಗೆ ಅಂಥ ಸರ್ಟಿಫಿಕೇಟ್ ಇದೆಯಾ?

ಹೇಗೆ ಕೆಲಸ ಮಾಡುತ್ತದೆ ಅನ್ನುವುದೂ ಸೊಗಸು. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ನಮ್ಮ ನರಗಳಲ್ಲಿ ಬಿಸಿ ಗುರುತಿಸುವ ಜಾಗಕ್ಕೇ ಹೋಗಿ ಕೂರುತ್ತದೆ. ಸುಟ್ಟಿಲ್ಲದಿದ್ದರೂ ಸುಟ್ಟಿತು ಅಂತ ಮೆದುಳು ನಂಬುತ್ತದೆ. ಈ ಜಾಗವನ್ನು ಕ್ಯಾಪ್ಸೈಸಿನ್ ಬಳಸಿಯೇ ಪತ್ತೆ ಮಾಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಸಿಕ್ಕಿತು. ಅದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆ ಜಿಡ್ಡಿನಲ್ಲಿ ಕರಗುತ್ತದೆ. ಕಳ್ಳ ನೀರು ಕುಡಿದಷ್ಟೂ ಬಾಯಿ ಉರಿ ಹಾಗೇ ಇರುತ್ತದೆ. ಗಾಯವಿಲ್ಲ, ರಕ್ತವಿಲ್ಲ. ವಕೀಲರಿಗೂ ನೆಮ್ಮದಿ.

ಕಲಾಸಿಪಾಳ್ಯ ಮಂಡಿ:
ಅಕ್ಕಾ, ನಿಮ್ಮ ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಕಳ್ಳ ಕೆಂಪಗಾಗುತ್ತಾನೆ ಅಷ್ಟೇ. ಈ ಕೆಲಸಕ್ಕೆ ಗುಂಟೂರು ಬೇಕು.

ಬ್ಯಾಡಗಿ ಅಕ್ಕ:
ಬ್ಯಾಡಗಿಯನ್ನು ಸಾರಿನ ಪುಡಿಗೆ ಇಟ್ಟುಕೊಂಡು ಗುಂಟೂರನ್ನು ಬಾಣಲೆಗೆ ಹಾಕುತ್ತೇನಪ್ಪಾ. ಅದಕ್ಕೇನಂತೆ. ನಮ್ಮೂರಿನದಕ್ಕೆ 2011ರಲ್ಲೇ ಆ ಊರಿನದೇ ವಿಶೇಷ ಬೆಳೆ ಅನ್ನುವ ಜಿಐ ಮಾನ್ಯತೆ ಸಿಕ್ಕಿದೆ, ಅದನ್ನು ಕಳ್ಳನಿಗೆ ಯಾಕೆ ಖರ್ಚು ಮಾಡಲಿ?

ಗಾಂಧಿಬಜಾರ್ ಚೀಲ:
ಆದರೆ ಮನೆಯವರೂ ಅದೇ ಅಡುಗೆಮನೆಯಲ್ಲಿ ಇರುತ್ತಾರಲ್ಲ ಅಕ್ಕ. ನಾವೂ ಕೆಮ್ಮಬೇಕಲ್ವಾ?

ಬ್ಯಾಡಗಿ ಅಕ್ಕ:
ನಾವು ದಿನಾ ಒಗ್ಗರಣೆ ಹಾಕುವವರು. ನಮಗೆ ಅಭ್ಯಾಸ ಇದೆ. ಅವನಿಗಿಲ್ಲ.

ರೋಸ್ ಈರುಳ್ಳಿ:
ಕಣ್ಣೀರು ಅಂದ ಮೇಲೆ ಈರುಳ್ಳಿ ಬರಬೇಕಲ್ಲ. ಚಿಕ್ಕಬಳ್ಳಾಪುರ ಕಡೆಯ ಬೆಂಗಳೂರು ರೋಸ್ ಈರುಳ್ಳಿ ಮಲೇಷ್ಯಾ, ಸಿಂಗಪುರಕ್ಕೆಲ್ಲ ಹೋಗುತ್ತದೆ. ಕಣ್ಣೀರನ್ನೇ ರಫ್ತು ಮಾಡುವ ಊರು ನಮ್ಮದು.

ಆದರೆ ಇಡಿಯಾಗಿ ಎಸೆದರೆ ಏನೂ ಆಗುವುದಿಲ್ಲ. ಹೆಚ್ಚಿದಾಗ ಮಾತ್ರ ಒಳಗಿನ ಕಿಣ್ವ ಗಂಧಕದ ಅಂಶದ ಜೊತೆ ಸೇರಿ ಕಣ್ಣು ಉರಿಸುವ ಅನಿಲ ಹುಟ್ಟುತ್ತದೆ. ಅದಕ್ಕೇ ಕಳ್ಳನ ಕೈಯಲ್ಲೇ ಈರುಳ್ಳಿ ಹೆಚ್ಚಿಸಬೇಕು.

ಸರ್ಕಾರಗಳ ಮೇಲೆ ಮಾತ್ರ ಇದು ಇಡಿಯಾಗಿಯೇ ಕೆಲಸ ಮಾಡುತ್ತದೆ. 1998ರಲ್ಲಿ ದೆಹಲಿ ಸರ್ಕಾರ ಸೋಲಲು ಈರುಳ್ಳಿ ಬೆಲೆ ದೊಡ್ಡ ಕಾರಣ. ಬಾಂಬಿನಿಂದ ಆಗದ್ದು ಬೆಲೆಯಿಂದ ಆಯಿತು.

ಲಾಲ್‌ಬಾಗ್ ವಾಕರ್:
ಬೆಳಗ್ಗೆ ನಡೆಯುವವರಿಗೆ ಗೊತ್ತಿರುವ ಮೂರು ಹೆಸರು ಹೇಳುತ್ತೇನೆ. ನಾಗಲಿಂಗ ಪುಷ್ಪದ ಮರದ ಕಾಯಿ, ಫಿರಂಗಿ ಗುಂಡಿನ ಗಾತ್ರ, ಗಟ್ಟಿ ಚಿಪ್ಪು. ಒಡೆದರೆ ಕೆಟ್ಟ ವಾಸನೆ. ಅಂದರೆ ಏಟೂ ಉಂಟು, ಗಬ್ಬೂ ಉಂಟು. ಎರಡನೆಯದು ಆನೆತೊರಡು ಕಾಯಿ. ಉದ್ದನೆ ತೊಟ್ಟಿನಲ್ಲಿ ನೇತಾಡುತ್ತಿರುತ್ತದೆ, ಐದಾರು ಕೆ.ಜಿ. ತೂಗುತ್ತದೆ. ಅದರ ಕೆಳಗೆ ಕಾರು ನಿಲ್ಲಿಸಬೇಡಿ, ನೀವೂ ನಿಲ್ಲಬೇಡಿ.

ಮೂರನೆಯದು ಬೆಂಗಳೂರಿನ ಎಲ್ಲ ಮಕ್ಕಳ ಮೊದಲ ಆಯುಧ. ನೀರುಕಾಯಿ. ಕೆಂಪು ಹೂವಿನ ಆ ದೊಡ್ಡ ಮರದ ಮೊಗ್ಗು. ತುದಿ ಚಿವುಟಿ ಹಿಚುಕಿದರೆ ನೀರು ಚಿಮ್ಮುತ್ತದೆ. ಉಚ್ಚೆಕಾಯಿ ಅಂತ ಕರೆದು ಯೂನಿಫಾರ್ಮ್ ಮೇಲೆ ಹೊಡೆಯದ ಮಗು ಈ ಊರಲ್ಲಿ ಇತ್ತಾ? ಈಗಿನ ಮಕ್ಕಳಿಗೂ ಅದನ್ನು ತೋರಿಸಿ. ಮರಗಳು ಇನ್ನೂ ಇವೆ.

ಗಾಂಧಿಬಜಾರ್ ಚೀಲ:
ಮೂರೂ ಅದ್ಭುತ ಸರ್. ಮೂರೂ ಮಾರ್ಕೆಟ್‌ನಲ್ಲಿ ಸಿಗುವುದಿಲ್ಲ, ಸಾರಿಗೂ ಬರುವುದಿಲ್ಲ. ಶರತ್ತಿನ ಪ್ರಕಾರ ಹೊರಗೆ. ನೀರುಕಾಯಿಯನ್ನು ಹೊರಗೆ ಹಾಕಲು ಮಾತ್ರ ಮನಸ್ಸು ಬರುತ್ತಿಲ್ಲ.

ಶಿರಸಿ ಹುಡುಗ, ಈಗ ಯಲಹಂಕ:
ನಮ್ಮ ಮಲೆನಾಡಿನ ಮಕ್ಕಳು ನೀರು ಹೊಡೆಯುವುದರಲ್ಲೇ ನಿಲ್ಲುವುದಿಲ್ಲ. ಸಣ್ಣ ಬಿದಿರಿನ ಕೊಳವೆಗೆ ಪುಟ್ಟ ಕಾಯಿ ತುಂಬಿ, ಕೋಲಿನಿಂದ ತಳ್ಳಿದರೆ ಪಟ್ ಅಂತ ಹಾರುತ್ತದೆ. ಪೆಟ್ಲು ಅನ್ನುತ್ತೇವೆ. ಛತ್ತೀಸಗಢದ ಬಸ್ತರ್‌ನಲ್ಲಿ ಗೋಂಚಾ ರಥದ ಹಬ್ಬಕ್ಕೆ ಇಂಥದ್ದೇ ಬಿದಿರಿನ ತುಪಕಿ ಹಿಡಿದು ಊರಿಗೆ ಊರೇ ಕಾಯಿ ಹೊಡೆದುಕೊಳ್ಳುತ್ತದೆ.

ಆದರೆ ಬುಟ್ಟಿಯಲ್ಲಿರುವುದೇ ಬೇಕು ಅಂದರೆ ಸುವರ್ಣಗಡ್ಡೆ. ತೂಕವೂ ಇದೆ, ತುರಿಕೆಯೂ ಇದೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳಿರುತ್ತವೆ, ಕ್ಯಾಲ್ಸಿಯಂ ಆಕ್ಸಲೇಟ್‌ನವು. ಕೆಸುವಿನಲ್ಲೂ ಅದೇ. ಹಸಿ ಗಡ್ಡೆ ಕತ್ತರಿಸಿ ಮೈಗೆ ಉಜ್ಜಿದರೆ ಕಳ್ಳ ಕದಿಯುವುದನ್ನು ಬಿಟ್ಟು ಕೆರೆದುಕೊಳ್ಳುತ್ತಾ ಕೂರುತ್ತಾನೆ. ಹುಣಸೆಹುಳಿ ಹಾಕಿ ಬೇಯಿಸಿದರೆ ನಮಗೆ ಒಳ್ಳೆಯ ಪಲ್ಯ. ಶತ್ರುವಿಗೆ ತುರಿಕೆ, ಮನೆಯವರಿಗೆ ರುಚಿ. ಹಲಸೂ ಮೆಣಸಿನಕಾಯಿಯೂ ಬೇರೆ ಬೇರೆ ಕೊಡುವುದನ್ನು ಇದು ಒಂದೇ ಕೊಡುತ್ತದೆ.

ಬ್ಯಾಡಗಿ ಅಕ್ಕ:
ಸುವರ್ಣಗಡ್ಡೆ ಕತ್ತರಿಸುವವರಿಗೇ ಮೊದಲು ತುರಿಕೆ ಹತ್ತುತ್ತದಲ್ಲಪ್ಪ.

ಶಿರಸಿ ಹುಡುಗ, ಈಗ ಯಲಹಂಕ:
ಕೈಗೆ ಎಣ್ಣೆ ಹಚ್ಚಿಕೊಳ್ಳಬೇಕು ಅಕ್ಕ. ಹಲಸಿಗೂ ಅದೇ ಬೇಕಲ್ಲ.

ಹಾಸನದ ಆಲೂ:
ನೌಕಾಯುದ್ಧದಲ್ಲಿ ಹೆಸರು ಮಾಡಿದ ತರಕಾರಿ ಒಂದೇ. ಆಲೂಗಡ್ಡೆ. 1943ರ ಏಪ್ರಿಲ್‌ನಲ್ಲಿ ಪೆಸಿಫಿಕ್ ಸಾಗರದಲ್ಲಿ ಅಮೆರಿಕದ ಓಬ್ಯಾನನ್ ಎಂಬ ಯುದ್ಧನೌಕೆ ಜಪಾನಿನ ಜಲಾಂತರ್ಗಾಮಿಗೆ ತೀರಾ ಹತ್ತಿರ ಬಂತು. ಎಷ್ಟು ಹತ್ತಿರ ಅಂದರೆ ಫಿರಂಗಿ ಕೆಳಕ್ಕೆ ತಿರುಗಿಸಿ ಹೊಡೆಯಲು ಆಗಲಿಲ್ಲ. ಆಗ ನಾವಿಕರು ಆಲೂಗಡ್ಡೆ ಎಸೆದರಂತೆ. ಜಪಾನಿನವರು ಗ್ರೆನೇಡ್ ಅಂದುಕೊಂಡು ಎತ್ತಿ ಎತ್ತಿ ವಾಪಸ್ ಎಸೆದರಂತೆ. ಅಷ್ಟರಲ್ಲಿ ಹಡಗು ದೂರ ಸರಿದು ಗುಂಡು ಹಾರಿಸಿತಂತೆ. ಮೇನ್ ರಾಜ್ಯದ ಆಲೂಗಡ್ಡೆ ಬೆಳೆಗಾರರು 1945ರಲ್ಲಿ ಆ ಹಡಗಿಗೆ ಗೌರವದ ಫಲಕವನ್ನೇ ಕೊಟ್ಟರು.

ವಿಜಯನಗರದ ವಕೀಲ:
ಆ ಹಡಗಿನ ಕ್ಯಾಪ್ಟನ್ನೇ ಮುಂದೆ ಈ ಕತೆಯನ್ನು ಅಲ್ಲಗಳೆದರು ಅಲ್ವಾ?

ಹಾಸನದ ಆಲೂ:
ಅಲ್ಲಗಳೆದದ್ದು ನಿಜ ಸರ್. ಫಲಕ ಕೊಟ್ಟದ್ದೂ ನಿಜ. ಪಕ್ಕದ ಬೀದಿಯವರೂ ನಂಬುವಂಥ ಕತೆ ಹುಟ್ಟಿಸುವ ಶಕ್ತಿ ಬೇರೆ ಯಾವ ಗಡ್ಡೆಗಿದೆ? ಮೇಷ್ಟ್ರ ಲೆಕ್ಕದಲ್ಲೂ ನೋಡಿ. ಮಧ್ಯಮ ಗಾತ್ರದ ಆಲೂಗಡ್ಡೆ ಸರಿಯಾಗಿ ಕ್ರಿಕೆಟ್ ಚೆಂಡಿನ ತೂಕ. ಗಲ್ಲಿ ಕ್ರಿಕೆಟ್ ಆಡಿದ ಪ್ರತಿಯೊಬ್ಬ ಬೆಂಗಳೂರಿಗನೂ ಇದರಲ್ಲಿ ತರಬೇತಿ ಪಡೆದವನೇ. ಕೆ.ಜಿ.ಗೆ ಆರೇಳು ಬರುತ್ತವೆ. ಪೂರ್ತಿ ಒಂದು ಓವರ್.

ಬನಶಂಕರಿ ಮೇಷ್ಟ್ರು:
ಇದು ಈವರೆಗಿನ ಅತ್ಯುತ್ತಮ ವಾದ. ಕೈಗೆ ಹೊಂದುವ ಆಕಾರ, ಗುರಿ ಸಿಗುತ್ತದೆ, ಒಂದು ತಪ್ಪಿದರೆ ಇನ್ನೊಂದಿದೆ. ತೆಂಗಿನಕಾಯಿಗೆ ಎರಡನೇ ಅವಕಾಶ ಇಲ್ಲ.

ಮಾಗಡಿ ರಸ್ತೆ ಏಲಕ್ಕಿಬಾಳೆ:
ಬಾಳೆಹಣ್ಣು ಯಾರೂ ಹೇಳಲಿಲ್ಲವೇ? ತೇರಿನ ದಿನ ಹಣ್ಣು ದವನ ಎಸೆದು ಕಳಶಕ್ಕೆ ಗುರಿ ಇಡುವುದನ್ನು ಚಿಕ್ಕಂದಿನಿಂದ ಕಲಿತವರು ನಾವು. ಹಣ್ಣು ಗುರಿ ತಪ್ಪಿದರೂ ಸಿಪ್ಪೆ ಇದೆ. ಜಪಾನಿನ ವಿಜ್ಞಾನಿಗಳು ಬಾಳೆಸಿಪ್ಪೆ ಎಷ್ಟು ಜಾರುತ್ತದೆ ಅಂತ ಅಳೆದು 2014ರಲ್ಲಿ ಇಗ್ ನೊಬೆಲ್ ಪಡೆದರು, ಅದು ನಗು ತರಿಸುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ. ಘರ್ಷಣೆಯ ಅಂಕ 0.07ರ ಆಸುಪಾಸು, ಅದು ಕಡಿಮೆ ಇದ್ದಷ್ಟೂ ಜಾರುವುದು ಜಾಸ್ತಿ. ಸಿಪ್ಪೆಯ ಒಳಗಿನ ಲೋಳೆ ತುಳಿದಾಗ ಹೊರಬರುವುದೇ ಕಾರಣ. ವಕೀಲರ ಬೆಂಡೆಕಾಯಿಗಿಂತ ಇದಕ್ಕೆ ಆಧಾರ ಜಾಸ್ತಿ.

ಸಿಲ್ಕ್‌ಬೋರ್ಡ್ ಸವಾರ:
ಜಾರುವ ಮಾತು ಬಂತಲ್ಲ, ಈಗ ನಾನು ಹೇಳುತ್ತೇನೆ. ಈ ಊರಿನಲ್ಲಿ ನಿಜವಾಗಿ ಜನರನ್ನು ಬೀಳಿಸಿರುವ ಕಾಯಿ ಒಂದಿದೆ. ಬೂದುಗುಂಬಳ.

ಆಯುಧಪೂಜೆ ದಿನ ರಾತ್ರಿ ಬೈಕ್ ಓಡಿಸಿ ನೋಡಿ. ಪ್ರತಿ ಅಂಗಡಿ, ಪ್ರತಿ ಗ್ಯಾರೇಜು, ಪ್ರತಿ ಆಫೀಸಿನ ಮುಂದೆ ಕುಂಕುಮ ತುಂಬಿದ ಕುಂಬಳ ಒಡೆದಿರುತ್ತದೆ. ತಿರುಳು, ಬೀಜ, ನೀರು ಸೇರಿ ಟಾರಿನ ಮೇಲೆ ಎಣ್ಣೆ ಚೆಲ್ಲಿದಂತೆ ಆಗಿರುತ್ತದೆ. ಒಳಗೆ ಚಿಲ್ಲರೆ ಹಾಕಿರುತ್ತಾರೆ. ಅದನ್ನು ಆರಿಸಲು ಮಕ್ಕಳು ರಸ್ತೆ ನಡುವೆ ಓಡುತ್ತಾರೆ. ತಪ್ಪಿಸಲು ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಒಂದು ಕಡೆ, ನಾವು ಒಂದು ಕಡೆ. ನನ್ನ ಮೊಣಕೈಯಲ್ಲಿ ಅದರ ಗುರುತು ಇನ್ನೂ ಇದೆ. ಪಾಲಿಕೆ, ಪೊಲೀಸರು ರಸ್ತೆಯಲ್ಲಿ ಒಡೆಯಬೇಡಿ ಅಂತ ಮನವಿ ಮಾಡುತ್ತಲೇ ಇರುತ್ತಾರೆ. ಮಾರನೇ ದಿನ ಪೌರಕಾರ್ಮಿಕರು ಅದನ್ನೆಲ್ಲ ಕೆರೆದು ತೆಗೆಯಬೇಕು.

ಪೂಜೆ ಆಯುಧಕ್ಕೆ. ಆದರೆ ಅವತ್ತು ನಿಜವಾದ ಆಯುಧ ಆಗುವುದು ಕುಂಬಳಕಾಯಿ. ದೃಷ್ಟಿ ಹೋಗಲಿ ಅಂತ ಒಡೆದದ್ದು ಇನ್ನೊಬ್ಬರ ಮಂಡಿ ಒಡೆಯುತ್ತದೆ. ಪೂಜೆ ಬೇಡ ಅಂತ ನಾನು ಹೇಳುವುದಿಲ್ಲ, ನಮ್ಮ ಮನೆಯಲ್ಲೂ ಮಾಡುತ್ತೇವೆ. ಗೇಟಿನ ಒಳಗೆ ಒಡೆಯಿರಿ. ಒಂದು ಮೂಲೆಯಲ್ಲಿ ಒಡೆದು ಆಮೇಲೆ ಎತ್ತಿಬಿಡಿ. ಅಷ್ಟು ಮಾಡಿದರೆ ಎಷ್ಟೋ ಮನೆಗಳಲ್ಲಿ ಹಬ್ಬ ಹಬ್ಬವಾಗಿ ಉಳಿಯುತ್ತದೆ.

ಗಾಂಧಿಬಜಾರ್ ಚೀಲ:
ನಿಮ್ಮ ಮಾತು ಮನಸ್ಸಿಗೆ ತಟ್ಟಿತು ಸರ್. ನಮ್ಮ ಬಿಲ್ಡಿಂಗ್‌ನ ಎಲ್ಲರಿಗೂ ಇದನ್ನು ಓದಿ ಹೇಳುತ್ತೇನೆ. ಈ ಸಲ ನಮ್ಮ ಕುಂಬಳಕಾಯಿ ಪಾರ್ಕಿಂಗ್ ಮೂಲೆಯಲ್ಲೇ. ಮಜ್ಜಿಗೆಹುಳಿ, ಕಾಶಿ ಹಲ್ವ ಆಗುವ ಕಾಯಿ ಅದು. ರಸ್ತೆಗೆ ಚೆಲ್ಲುವಂಥದ್ದಲ್ಲ.

ಗಿರಿನಗರ ನಿಂಬೆ:
ದೃಷ್ಟಿಗೆ ನಿಂಬೆಹಣ್ಣು ಸಾಕಲ್ಲ. 2019ರ ಅಕ್ಟೋಬರ್ 8, ವಿಜಯದಶಮಿ. ಫ್ರಾನ್ಸ್‌ನಲ್ಲಿ ಮೊದಲ ರಫೇಲ್ ಯುದ್ಧವಿಮಾನ ಪಡೆದಾಗ ರಕ್ಷಣಾ ಸಚಿವರು ಅದರ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಅಷ್ಟು ದೊಡ್ಡ ಯುದ್ಧವಿಮಾನಕ್ಕೆ ರಕ್ಷಣೆ ಕೊಡುವುದಾದರೆ ನಮ್ಮ ಬಾಗಿಲಿಗೆ ಕೊಡುವುದಿಲ್ಲವೇ? ಸಮುದ್ರದಲ್ಲೂ ಅದರದ್ದೇ ಕೈ. 1795ರಿಂದ ಬ್ರಿಟಿಷ್ ನೌಕಾಪಡೆ ನಾವಿಕರಿಗೆ ನಿಂಬೆರಸ ಕೊಡತೊಡಗಿತು. ಒಸಡು ಕೊಳೆತು ಸಾಯುವ ಸ್ಕರ್ವಿ ಕಾಯಿಲೆ ಹಿಮ್ಮೆಟ್ಟಿತು. ಶತ್ರುವಿಗಿಂತ ಹೆಚ್ಚು ನಾವಿಕರನ್ನು ಕೊಲ್ಲುತ್ತಿದ್ದ ಕಾಯಿಲೆ ಅದು.

ಕೋಲಾರದ ಟೊಮೆಟೊ:
ಟೊಮೆಟೊ ಎಸೆಯುವುದು ಅಂದಕೂಡಲೇ ಎಲ್ಲರಿಗೂ ಸ್ಪೇನ್ ನೆನಪಾಗುತ್ತದೆ. ಬುನ್ಯೋಲ್ ಅನ್ನುವ ಊರಿನಲ್ಲಿ ಆಗಸ್ಟ್‌ನ ಕೊನೆಯ ಬುಧವಾರ ಲಾ ತೊಮಾತಿನಾ. 1945ರಲ್ಲಿ ಶುರುವಾಯಿತು. ಎಸೆಯುವ ಮೊದಲು ಟೊಮೆಟೊ ಹಿಚುಕಬೇಕು, ಯಾರಿಗೂ ಪೆಟ್ಟಾಗಬಾರದು ಅನ್ನುವುದು ಅಲ್ಲಿನ ನಿಯಮ. ಇಟಲಿಯ ಇವ್ರೆಯಾದಲ್ಲಿ ಕಿತ್ತಳೆ ಯುದ್ಧ ಇದೆ. ಅಲ್ಲಿ ಹಿಚುಕುವುದೂ ಇಲ್ಲ. ಕೆಂಪು ಟೋಪಿ ಹಾಕಿದವರ ಮೇಲೆ ಎಸೆಯಬಾರದು ಎನ್ನುವ ಪದ್ಧತಿಯೊಂದಿದೆ ಅಷ್ಟೇ.

2011ರಲ್ಲಿ ಬೆಂಗಳೂರು, ಮೈಸೂರಿನಲ್ಲೂ ಟೊಮೆಟೊ ಎಸೆಯುವ ಹಬ್ಬ ಮಾಡಲು ಹೊರಟಿದ್ದರು. ಆಗ ಮುಖ್ಯಮಂತ್ರಿಯಾಗಿದ್ದ ಡಿ.ವಿ. ಸದಾನಂದ ಗೌಡರು ಅನುಮತಿ ಕೊಡಬೇಡಿ ಅಂತ ಪೊಲೀಸರಿಗೆ ಹೇಳಿದರು. ಒಳ್ಳೆಯದೇ ಆಯಿತು. ನಾನು ಬೆಳೆಗಾರರ ಮನೆಯವನು. ಬೆಲೆ ಬಿದ್ದ ವರ್ಷ ಕ್ರೇಟುಗಟ್ಟಲೆ ರಸ್ತೆಗೆ ಸುರಿದು ಬಂದವರ ಮುಖ ನೋಡಿದ್ದೇನೆ. 2023ರ ಜುಲೈನಲ್ಲಿ ಅದೇ ಟೊಮೆಟೊ ಕೆ.ಜಿ.ಗೆ ನೂರು ದಾಟಿತು. ಹಣ್ಣು ತುಂಬಿದ ಗಾಡಿಯನ್ನೇ ಬೆಂಗಳೂರಿನ ಹತ್ತಿರ ಅಡ್ಡಗಟ್ಟಿ ಒಯ್ದರು. ಅಂದರೆ ಕಳ್ಳ ಬಂದರೆ ನೀವು ಟೊಮೆಟೊದಿಂದ ಹೊಡೆಯುವುದಿಲ್ಲ, ಅವನಿಂದ ಟೊಮೆಟೊವನ್ನು ಕಾಪಾಡುತ್ತೀರಿ.

ನನ್ನ ಮತ ಆಲೂಗಡ್ಡೆಗೆ. ಟೊಮೆಟೊ ಬುಟ್ಟಿಯಲ್ಲೇ ಇರಲಿ.

ಗಾಂಧಿಬಜಾರ್ ಚೀಲ:
ನಾನೂ ಆಲೂಗಡ್ಡೆ ಕಡೆ ವಾಲುತ್ತಿದ್ದೇನೆ. ನೆಲಕ್ಕೆ ಬಿದ್ದರೂ ಏನೂ ಆಗುವುದಿಲ್ಲ, ತೊಳೆದರೆ ಪಲ್ಯ. ತಿಪಟೂರಿನವರು ಬೇಜಾರು ಮಾಡಿಕೊಳ್ಳಬೇಡಿ, ಪಲ್ಯಕ್ಕೆ ತುರಿ ನಿಮ್ಮದೇ.

ತಿಪಟೂರು ಕಾಯಿ:
ಬೇಜಾರಿಲ್ಲ ಮೇಡಂ. ಆದರೆ ಲೆಕ್ಕ ಮಾತ್ರ ಸಾಲದು, ಎಸೆದು ನೋಡಬೇಕು. ನಮ್ಮ ಅಣ್ಣನ ಖಾಲಿ ಸೈಟು ನಾಗರಬಾವಿಯಲ್ಲಿದೆ. ಹಳೇ ಹಾಸಿಗೆ ಒಂದನ್ನು ಗೋಡೆಗೆ ನಿಲ್ಲಿಸುತ್ತೇನೆ. ಭಾನುವಾರ ಬೆಳಗ್ಗೆ ಎಲ್ಲರೂ ಬನ್ನಿ.

ಬನಶಂಕರಿ ಮೇಷ್ಟ್ರು:
ತಕ್ಕಡಿ, ಟೇಪು, ಸ್ಟಾಪ್‌ವಾಚ್ ನಾನು ತರುತ್ತೇನೆ. ಕೆಳಗೆ ಟಾರ್ಪಾಲ್ ಹಾಸಿ, ಒಂದು ಚೂರೂ ಮಣ್ಣಾಗಬಾರದು.

ಬ್ಯಾಡಗಿ ಅಕ್ಕ:
ನಾನು ಸ್ಟೌ, ಬಾಣಲೆ ತರುತ್ತೇನೆ. ಘಾಟಿನ ಪರೀಕ್ಷೆ ಕೊನೆಯಲ್ಲಿ ಇಟ್ಟುಕೊಳ್ಳಿ, ಆಮೇಲೆ ಅದೇ ಬಾಣಲೆಯಲ್ಲಿ ಪಲ್ಯ ಮಾಡಿಬಿಡುತ್ತೇನೆ. ಪೂರಿ ಯಾರು ತರುತ್ತೀರಿ?

ವಿಜಯನಗರದ ವಕೀಲ:
ಪೂರಿ ನನ್ನದು. ಅಕ್ಕಪಕ್ಕದ ಮನೆಯವರಿಗೆ ಘಾಟಿನ ಬಗ್ಗೆ ಮೊದಲೇ ಹೇಳಿಬಿಡಿ.

ಕಲಾಸಿಪಾಳ್ಯ ಮಂಡಿ:
ಹಲಸು ಗಾಡಿಯಲ್ಲಿ ಹಾಕಿಕೊಂಡು ಬರುತ್ತೇನೆ. ಮಣ್ಣಿನ ಮೇಲೆ ಅಲ್ಲ, ಹಾಸಿಗೆ ಮೇಲೆ ಬೀಳಿಸೋಣ, ತೊಳೆ ಜಜ್ಜಿ ಹೋಗಬಾರದು. ಶಿರಸಿ ಹುಡುಗಾ, ನೀನು ಸುವರ್ಣಗಡ್ಡೆ ಜೊತೆ ಒಂದು ಬಾಟ್ಲಿ ಕೊಬ್ಬರಿ ಎಣ್ಣೆ ತಗೊಂಡು ಬಾ. ಇಬ್ಬರಿಗೂ ಆಗುತ್ತದೆ.